ಆಟದ ಪೆಟ್ಟಿಗೆಗೆ ಮಾತು ಬಂದ ಬಗೆ

ಯಂತ್ರ ಮಾತನಾಡುತ್ತದೆಂದರೆ ರೇಡಿಯೋ ಕೇಳುವವರಿಗೆ ಅದೇನೂ ಸೋಜಿಗವೆನಿಸದು. ದಿನಬೆಳಗಾದರೆ ಪೆಟ್ಟಿಗೆಯೊಂದು ನಮ್ಮೊಡನೆ ಮಾತನಾಡುತ್ತಲೇ ಇರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ರೇಡಿಯೋ ತಾನಾಗಿ ಒಂದು ಮಾತನ್ನೂ ಆಡುವುದಿಲ್ಲವೆಂಬುದು ತಿಳಿಯುತ್ತದೆ. ಎಲ್ಲಿಯೋ ಕುಳಿತು ಯಾರೋ ಆಡಿದ ಮಾತನ್ನು ಅದು ನಮಗೆ ತಲುಪಿಸುತ್ತದೆ, ಅಷ್ಟೆ. ಗ್ರಾಮಫೋನ್, ಟೇಪು ಇವುಗಳ ಕಥೆಯೂ ಹೆಚ್ಚು ಬೇರೆಯಲ್ಲ. ತಟ್ಟೆಯ ಗೀರಿನಲ್ಲಿಯೋ ಪಟ್ಟಿಯ ಕಾಂತಧೂಳಿನಲ್ಲಿಯೋ ಇಡಿಯ ಧ್ವನಿಯನ್ನು ಮೊದಲೇ ಅಚ್ಚೊತ್ತಿಟ್ಟಿರುತ್ತಾರೆ. ಅದು ಅದೇ ಕ್ರಮದಲ್ಲಿ ಬಿಚ್ಚಿಕೊಳ್ಳುತ್ತದೆ.

ಟೆಲಿವಿಷನ್ನಿಗೆ ಜೋಡಿಸಿ ಮಕ್ಕಳು ಆಡುವ ವಿಡಿಯೋ ಆಟದ ಪೆಟ್ಟಿಗೆ, ಅಂದರೆ ಕನ್ಸೋಲ್, ಈ ಎರಡು ಅನುಕೂಲಗಳನ್ನೂ ಪಡೆದಿರಲಿಲ್ಲ. ಅದರ ಹಿಂದೆ ಯಾವ ನಿಲಯವೂ ಇಲ್ಲ; ಒಳಗೆ ತಿರುಗುವ ತಟ್ಟೆಯೂ ಇಲ್ಲ. ಇದ್ದುದು ಕಾರ್ಟ್ರಿಡ್ಜ್ ಎಂಬ ಚಿಕ್ಕ ಡಬ್ಬಿ, ಅದರೊಳಗೆ ಉಗುರಿನಷ್ಟು ಸಿಲಿಕಾನ್ ಚೂರಿನ ಮೇಲೆ ಬರೆದಿಟ್ಟ ಕೆಲವು ಸಾವಿರ ಅಂಕಿಗಳು. ಮೇಲಾಗಿ ಆಟದಲ್ಲಿ ಯಾವ ಮಾತು ಯಾವ ಗಳಿಗೆಯಲ್ಲಿ ಬೇಕಾಗುವುದೆಂದು ಮೊದಲೇ ಹೇಳುವಂತಿಲ್ಲ. ಆಡುವವನು ಗುರಿ ತಪ್ಪಿದಾಗ ಒಂದು ಮಾತು, ಹೊಡೆದಾಗ ಇನ್ನೊಂದು. ಇಂಥ ಪೆಟ್ಟಿಗೆಯ ಬಾಯಿಂದ ಮಾತು ಹೊರಡಿಸುವುದಕ್ಕೆ ಎಂಜಿನಿಯರುಗಳು ಪಟ್ಟ ಪಾಡು, ಹುಡುಕಿದ ಉಪಾಯಗಳು ಧ್ವನಿಯ ಬಗ್ಗೆ ಕುತೂಹಲವುಳ್ಳ ಯಾರಿಗಾದರೂ ರುಚಿಸುವಂಥವು.

ಮೊದಲು ಕಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕೋಣ. ಗಣಕಯಂತ್ರವು ಧ್ವನಿಯನ್ನು ಅಂಕಿಗಳಾಗಿ ಬರೆದಿಡುತ್ತದೆ. ಸೆಕೆಂಡಿಗೆ ಇಂತಿಷ್ಟು ಸಲ ಧ್ವನಿಯ ಅಲೆ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ಗುರುತು ಹಾಕಿಕೊಳ್ಳುವುದು. ಈ ಒಂದೊಂದು ಅಳತೆಗೂ ಸ್ಯಾಂಪಲ್ ಎಂದು ಹೆಸರು. ಅಂಕಿಯ ಟೆಲಿಫೋನ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ, ಒಂದೊಂದು ಅಳತೆಗೆ ೮ ಬಿಟ್ ಮೀಸಲು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಒಂದು ಗುರುತು. ಹಾಗಾದರೆ ಒಂದು ಸೆಕೆಂಡು ಮಾತಿಗೆ ೬೪,೦೦೦ ಬಿಟ್ ಬೇಕು. ೧೯೭೭ರಲ್ಲಿ ಅಮೆರಿಕದಲ್ಲಿ ಹೊರಬಂದು ಮನೆಮಾತಾದ ಅಟಾರಿ ಪೆಟ್ಟಿಗೆಯ ಕಾರ್ಟ್ರಿಡ್ಜಿನಲ್ಲಿ ಮೊದಮೊದಲು ಹಿಡಿಸುತ್ತಿದ್ದುದು ಹೆಚ್ಚೆಂದರೆ ೪ ಕಿಲೋಬೈಟ್, ಎಂದರೆ ೩೨,೭೬೮ ಬಿಟ್. ಆಟದ ಚಿತ್ರ, ನಿಯಮ, ಅಂಕ ಎಲ್ಲವನ್ನೂ ಹೊರಗೆ ಚೆಲ್ಲಿ ಬರಿಯ ಮಾತನ್ನೇ ತುಂಬಿದರೂ ಅರ್ಧ ಸೆಕೆಂಡಿಗೆ ಡಬ್ಬಿ ಭರ್ತಿ. ಅವಸರದಿಂದ ಒಂದು ಸಲ 'ನಮಸ್ಕಾರ' ಎನ್ನಬಹುದು, ಅಲ್ಲಿಗೆ ಮುಗಿಯಿತು.

ಈ ಇಕ್ಕಟ್ಟಿನಿಂದ ಪಾರಾಗಲು ಎರಡು ದಾರಿಗಳಿದ್ದುವು. ಧ್ವನಿಯನ್ನೇ ಇಡುವುದು, ಆದರೆ ಒರಟಾಗಿ, ಕಡಿಮೆ ಅಳತೆಗಳಲ್ಲಿ ಇಡುವುದು ಒಂದು. ಧ್ವನಿಯನ್ನು ಬಿಟ್ಟು ಅದನ್ನು ಹೊರಡಿಸುವ ಬಾಯಿಯನ್ನೇ ಅಂಕಿಗಳಲ್ಲಿ ಬರೆದಿಡುವುದು ಇನ್ನೊಂದು. ಎರಡನೆಯದು ಕೇಳಲು ವಿಚಿತ್ರ. ಆದರೂ ಚರಿತ್ರೆಯಲ್ಲಿ ಮೊದಲು ಫಲಿಸಿದ್ದು ಅದೇ.

ಕನ್ನಡ ಓದುಬರಹ ಬಲ್ಲವರಿಗೆ ಈ ಎರಡನೆಯ ದಾರಿ ಅರ್ಥವಾಗುವುದು ಸುಲಭ. ನಮ್ಮ ವರ್ಣಮಾಲೆಯ ಜೋಡಣೆಯೇ ಬಾಯಿಯ ನಕ್ಷೆ. ಕಂಠದಿಂದ ಹೊರಟು ತಾಲು, ಮೂರ್ಧ, ದಂತ, ಓಷ್ಠಗಳವರೆಗೆ ವರ್ಗಗಳು ಸಾಲಾಗಿ ನಿಂತಿವೆ. ಕಕಾರಕ್ಕೂ ಗಕಾರಕ್ಕೂ ನಾಲಗೆಯ ಸ್ಥಾನ ಒಂದೇ; ಗಂಟಲಿನ ತಂತುಗಳು ಕಂಪಿಸಿದರೆ ಗ, ಕಂಪಿಸದಿದ್ದರೆ ಕ. ವೈಯಾಕರಣರು ಇದನ್ನೇ ಘೋಷ, ಅಘೋಷ ಎಂದರು. ಎಂಜಿನಿಯರ್ ಹೇಳುವುದೂ ಇದನ್ನೇ, ಮಾತು ಬೇರೆ ಅಷ್ಟೆ: ಗಂಟಲಿನಲ್ಲಿ ಒಂದು ಗುಂಯ್‌ಗುಡುವ ಮೂಲವಿದೆ, ಇಲ್ಲವೆ ಉಸಿರಿನ ಬುಸುಗುಟ್ಟುವ ಮೂಲವಿದೆ, ಅದರ ಮುಂದೆ ಬಾಯಿ ಮೂಗುಗಳೆಂಬ ಆಕಾರ ಬದಲಿಸುವ ಕೊಳವೆಯಿದೆ. ಕೊಳವೆಯ ಆಕಾರಕ್ಕೆ ತಕ್ಕಂತೆ ಕೆಲವು ಸ್ವರಾಂಶಗಳು ಹಿಗ್ಗುತ್ತವೆ, ಕೆಲವು ಕುಗ್ಗುತ್ತವೆ. ನಾಲಗೆ ಎಷ್ಟೇ ಚುರುಕಾದರೂ ಮಾಂಸದ ತುಂಡು. ಸೆಕೆಂಡಿನ ನಲವತ್ತನೆಯ ಒಂದು ಭಾಗದಲ್ಲಿ ಅದು ಬಹಳ ದೂರ ಸರಿಯಲಾರದು. ಆದುದರಿಂದ ಅಲೆಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯುವ ಬದಲು, ಬಾಯಿಯ ಆಕಾರವನ್ನು ಸೆಕೆಂಡಿಗೆ ನಲವತ್ತು ಸಲ ಗುರುತಿಸಿಟ್ಟರೆ ಸಾಕಲ್ಲವೆ?

ಇದರ ಪ್ರದರ್ಶನವೊಂದು ೧೯೩೯ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ನಡೆಯಿತು. ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರಚಿಸಿದ ವೋಡರ್ ಎಂಬ ಯಂತ್ರವನ್ನು ತರಬೇತಾದ ಹೆಂಗಸರು ಹಾರ್ಮೋನಿಯಂ ಬಾರಿಸುವಂತೆ ಬಾರಿಸಿ ಮಾತನಾಡಿಸಿದರು. ಮಣಿಕಟ್ಟಿನ ಪಟ್ಟಿಯಿಂದ ಘೋಷವೋ ಅಘೋಷವೋ ಎಂಬುದು, ಕಾಲಿನ ತುಳಿಯಿಂದ ಸ್ವರದ ಏರಿಳಿತ, ಬೆರಳುಗಳ ಕೆಳಗಿನ ಮನೆಗಳಿಂದ ಬಾಯಿಯ ಆಕಾರ. ಅದನ್ನು ಕಲಿಯಲು ಸುಮಾರು ಒಂದು ವರ್ಷ ಹಿಡಿಯುತ್ತಿತ್ತಂತೆ. ವೀಣೆ ಕಲಿಯುವವರು ಇದನ್ನು ಕೇಳಿ ನಕ್ಕಾರು.

ವೋಡರಿನ ಬೆರಳುಗಳ ಕೆಲಸವನ್ನು ಲೆಕ್ಕಕ್ಕೆ ಒಪ್ಪಿಸಿದವರ ಪೈಕಿ ಬೆಂಗಳೂರಿನ ನಂಟುಳ್ಳವರೊಬ್ಬರಿದ್ದಾರೆ. ಕಾನ್ಪುರದಲ್ಲಿ ೧೯೩೩ರಲ್ಲಿ ಹುಟ್ಟಿದ ಬಿಷ್ಣು ಅಟಲ್ ಅವರು ನಮ್ಮ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ಓದಿ ೧೯೫೫ರಲ್ಲಿ ಡಿಪ್ಲೊಮಾ ಪಡೆದರು. ೧೯೫೭ರಿಂದ ೧೯೬೦ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರದ ಉಪನ್ಯಾಸಕರಾಗಿದ್ದರು. ೧೯೬೧ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿ, ಅಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಅವರೊಡಗೂಡಿ ೧೯೬೦ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನಕ್ಕೆ ರೇಖೀಯ ಮುನ್ನಂದಾಜು ಎನ್ನಬಹುದು. ಅದೇ ಹೊತ್ತಿಗೆ ಜಪಾನಿನಲ್ಲಿ ಫುಮಿತಾದ ಇಟಾಕುರ, ಶೂಜೊ ಸೈತೊ ಇವರೂ ಬೇರೆ ಮಾರ್ಗದಿಂದ ಇಲ್ಲಿಗೇ ಬಂದು ಮುಟ್ಟಿದ್ದರು.

ಅದರ ತಿರುಳು ಹೀಗಿದೆ. ಧ್ವನಿಯ ಅಲೆ ಮನಬಂದಂತೆ ಕುಣಿಯುವುದಿಲ್ಲ. ಈಚಿನ ಹತ್ತು ಅಳತೆಗಳನ್ನು ಕಂಡರೆ ಹನ್ನೊಂದನೆಯದು ಎಲ್ಲಿರುವುದೆಂದು ಬಹುಮಟ್ಟಿಗೆ ಊಹಿಸಬಹುದು. ಹಿಂದಿನ ಒಂದೊಂದು ಅಳತೆಯನ್ನೂ ಯಾವ ಅಂಕಿಯಿಂದ ಗುಣಿಸಿ ಕೂಡಿದರೆ ಈ ಊಹೆ ಸರಿಹೊಂದುತ್ತದೆ ಎಂದು ಲೆಕ್ಕ ಮಾಡಿದರೆ ಹತ್ತು ಗುಣಕಗಳು ದೊರೆಯುತ್ತವೆ. ಸ್ವಾರಸ್ಯವೇನೆಂದರೆ, ಈ ಹತ್ತು ಗುಣಕಗಳು ಆ ಗಳಿಗೆಯ ಬಾಯಿಯ ಕೊಳವೆಯ ಆಕಾರವನ್ನೇ ಹೇಳುತ್ತವೆ. ಹತ್ತು ಗುಣಕ, ಧ್ವನಿಯ ಜೋರು, ಸ್ವರದ ಎತ್ತರ, ಘೋಷವೋ ಅಘೋಷವೋ ಎಂಬ ಗುರುತು: ಇಷ್ಟಿದ್ದರೆ ಒಂದು ಕ್ಷಣದ ಮಾತಿನ ಚೀಟಿ ಸಿದ್ಧವಾಯಿತು.

ಈ ಚೀಟಿಯನ್ನು ಓದಿ ಮಾತಾಡುವ ಒಂಟಿ ಚಿಪ್ಪನ್ನು ೧೯೭೮ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತಯಾರಿಸಿತು. ಅದನ್ನು ಮೊದಲು ಹಾಕಿದ್ದು ಯಾವ ಯುದ್ಧಸಾಮಗ್ರಿಗೂ ಅಲ್ಲ, ಮಕ್ಕಳಿಗೆ ಇಂಗ್ಲಿಷ್ ಕಾಗುಣಿತ ಕಲಿಸುವ ಸ್ಪೀಕ್ ಅಂಡ್ ಸ್ಪೆಲ್ ಎಂಬ ಕೆಂಪು ಆಟಿಗೆಗೆ. ಪಾಲ್ ಬ್ರೀಡ್‌ಲವ್, ರಿಚರ್ಡ್ ವಿಗ್ಗಿನ್ಸ್, ಲ್ಯಾರಿ ಬ್ರಾಂಟಿಂಗ್‌ಹ್ಯಾಮ್, ಜೀನ್ ಫ್ರಾಂಟ್ಸ್ ಎಂಬ ನಾಲ್ವರ ಕೆಲಸ ಅದು. ಸೆಕೆಂಡಿಗೆ ನಲವತ್ತು ಚೀಟಿ, ಒಂದು ಚೀಟಿಗೆ ಹೆಚ್ಚೆಂದರೆ ೪೯ ಬಿಟ್. ಒಟ್ಟು ಎರಡು ಸಾವಿರಕ್ಕೂ ಕಡಿಮೆ. ಅರವತ್ತನಾಲ್ಕು ಸಾವಿರವೆಲ್ಲಿ, ಎರಡು ಸಾವಿರವೆಲ್ಲಿ! ಅದರಲ್ಲಿ ಕೇಳಿಬರುವ ದನಿ ಡಲ್ಲಾಸ್ ನಗರದ ಒಬ್ಬ ರೇಡಿಯೋ ಉದ್ಘೋಷಕರದು. ಸ್ಪಷ್ಟವಾಗಿ, ಸಮವಾಗಿ, ಉಸಿರಿನ ಗದ್ದಲವಿಲ್ಲದೆ ಆಡಿದ ಮಾತು ಲೆಕ್ಕಕ್ಕೆ ಚೆನ್ನಾಗಿ ಒಗ್ಗುತ್ತದೆ. ನಿಲಯಗಳಲ್ಲಿ ಮೈಕಿನ ಮುಂದೆ ಕುಳಿತವರಿಗೆ ಈ ಶಿಸ್ತು ಹೊಸದಲ್ಲ.

ಇದೇ ಕಾಲದಲ್ಲಿ ಇನ್ನೊಂದು ಕವಲೂ ಹರಿಯುತ್ತಿತ್ತು. ಅದರ ಮೂಲ ಅಂಧರ ಅಗತ್ಯ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಫಾರೆಸ್ಟ್ ಮೋಜರ್ ಅಂತರಿಕ್ಷ ಭೌತವಿಜ್ಞಾನಿ. ಮಾತಿನ ಅಲೆಯಲ್ಲಿ ಕಿವಿಗೆ ಬೇಕಿಲ್ಲದ ಭಾಗಗಳನ್ನು ಕತ್ತರಿಸಿ, ಮರುಕಳಿಸುವ ಭಾಗಗಳನ್ನು ಒಮ್ಮೆ ಮಾತ್ರ ಇಟ್ಟು, ಅಲೆಯನ್ನೇ ಪುಡಿಯಾಗಿ ಅಡಕಿಸುವ ಉಪಾಯವನ್ನು ಅವರು ಕಂಡುಹಿಡಿದರು. ಟೆಲಿಸೆನ್ಸರಿ ಸಿಸ್ಟಮ್ಸ್ ಎಂಬ ಸಂಸ್ಥೆ ಇದನ್ನು ಬಳಸಿ ೧೯೭೬ರಲ್ಲಿ ಅಂಧರಿಗಾಗಿ ಮಾತನಾಡುವ ಲೆಕ್ಕಯಂತ್ರವನ್ನು ಹೊರತಂದಿತು. ಅದರ ಶಬ್ದಸಂಪತ್ತು ಇಪ್ಪತ್ತನಾಲ್ಕೇ ಪದ. ಒತ್ತಿದ ಅಂಕಿಯನ್ನೂ ಬಂದ ಉತ್ತರವನ್ನೂ ಅದು ಕಿವಿಗೆ ಹೇಳುತ್ತಿತ್ತು. ಕಣ್ಣಿಲ್ಲದವನು ತನ್ನ ಲೆಕ್ಕವನ್ನು ತಾನೇ, ಇನ್ನೊಬ್ಬರನ್ನು ಕೇಳದೆ, ಮಾಡಿಕೊಳ್ಳುವಂತಾಯಿತು.

ಆ ಚಿಪ್ಪು ಅಲ್ಲಿಂದ ೧೯೭೯ರಲ್ಲಿ ಮಾತನಾಡುವ ಚದುರಂಗದ ಯಂತ್ರವನ್ನು ಹೊಕ್ಕಿತು, ೧೯೮೦ರಲ್ಲಿ ಬರ್ಜರ್ಕ್ ಎಂಬ ಅಂಗಡಿಯಾಟವನ್ನು ಸೇರಿತು. ನಾಣ್ಯ ಹಾಕಿ ಆಡುವ ಯಂತ್ರ ಅದು. ಜಟಿಲವಾದ ಓಣಿಗಳಲ್ಲಿ ಆಟಗಾರನನ್ನು ಅಟ್ಟಿಸಿಕೊಂಡು ಬರುವ ಯಂತ್ರಮಾನವರು ಲೋಹದ ಕಂಠದಲ್ಲಿ ಬೆದರಿಸುತ್ತಿದ್ದರು. ಓಡಿಹೋದರೆ ಹೇಡಿಯೆಂದು ಹೀಯಾಳಿಸುತ್ತಿದ್ದರು. ಆಡುವವರು ಯಾರೂ ಇಲ್ಲದಿದ್ದಾಗ ಯಂತ್ರ ಸುಮ್ಮನಿರುತ್ತಿತ್ತೆಂದು ಎಣಿಸಬೇಡಿ. ಹಾದುಹೋಗುವವರನ್ನು ಉದ್ದೇಶಿಸಿ 'ಕಿಸೆಯಲ್ಲಿ ನಾಣ್ಯವಿರುವುದು ಪತ್ತೆಯಾಗಿದೆ' ಎಂದು ಅದು ಇಂಗ್ಲಿಷಿನಲ್ಲಿ ಕೂಗುತ್ತಿತ್ತು. ಒಂದೊಂದು ಪದವನ್ನು ಅಡಕಿಸಲು ಸಾವಿರ ಡಾಲರು ತಗುಲಿತೆಂದು ಹೇಳುವುದುಂಟು. ಅಂಧರ ಕೈಗೋಲಾಗಿ ಹುಟ್ಟಿದ ಧ್ವನಿ ನಾಲ್ಕೇ ವರ್ಷಗಳಲ್ಲಿ ಸಂತೆಯ ಕೂಗುಗಾರನ ಕೆಲಸಕ್ಕೆ ನಿಂತದ್ದು ಲೋಕರೂಢಿಯೇ ಇರಬಹುದು. ಆದರೂ ಮೊದಲಿನ ಕೆಲಸವೇ ಅದಕ್ಕೆ ಹೆಚ್ಚು ಒಪ್ಪುತ್ತಿತ್ತೆಂದು ನನಗೆ ತೋರುತ್ತದೆ.

ಇನ್ನು ಮನೆಯ ಪೆಟ್ಟಿಗೆಗಳಿಗೆ ಬರೋಣ. ಗೊಂಬೆಗಳಿಗೆ ಹೆಸರಾದ ಮ್ಯಾಟೆಲ್ ಕಂಪನಿ ೧೯೮೦ರಲ್ಲಿ ಅಮೆರಿಕದಾದ್ಯಂತ ಇಂಟೆಲಿವಿಷನ್ ಎಂಬ ಕನ್ಸೋಲನ್ನು ಮಾರತೊಡಗಿತ್ತು. ೧೯೮೨ರಲ್ಲಿ ಅದಕ್ಕೆ ಇಂಟೆಲಿವಾಯ್ಸ್ ಎಂಬ ಜೋಡಣೆಯನ್ನು ಹೊರತಂದಿತು. ಕಾರ್ಟ್ರಿಡ್ಜ್ ತೂರಿಸುವ ಸಂದಿಗೆ ಈ ಪೆಟ್ಟಿಗೆಯನ್ನು ಸಿಕ್ಕಿಸಿ, ಅದರೊಳಗೆ ಆಟದ ಡಬ್ಬಿಯನ್ನು ಇಡಬೇಕು. ಮಾತು ಟೆಲಿವಿಷನ್ನಿನ ಸ್ಪೀಕರಿನಿಂದಲೇ ಬರುತ್ತದೆ. ಅದರ ಜೋರನ್ನು ಹೆಚ್ಚುಕಡಿಮೆ ಮಾಡಲು ಪೆಟ್ಟಿಗೆಯ ಮೇಲೆ ಬೇರೆಯೇ ತಿರುಪು. ಒಳಗಿದ್ದ ಚಿಪ್ಪು ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯದು. ಅದೂ ಬಾಯಿಯ ಕೊಳವೆಯನ್ನು ಲೆಕ್ಕದಿಂದ ಅನುಕರಿಸುವ ಜಾತಿಯದೇ. ಅದರ ಹೊಟ್ಟೆಯಲ್ಲಿಯೇ ೧೬ ಕಿಲೋಬಿಟ್ ನೆನಪಿತ್ತು. ಎಲ್ಲ ಆಟಗಳಿಗೂ ಬೇಕಾಗುವ ಅಂಕಿಗಳು, ಕಂಪನಿಯ ಹೆಸರು ಮುಂತಾದುವನ್ನು ಅಲ್ಲಿ ಕೂಡಿಸಿಟ್ಟಿದ್ದರು. ಆಯಾ ಆಟಕ್ಕೆ ಬೇಕಾದ ಉಳಿದ ಮಾತುಗಳು ಆಯಾ ಡಬ್ಬಿಯಲ್ಲಿ.

ನೆನಪು ಇಷ್ಟು ಬಿಗಿಯಾಗಿದ್ದಾಗ ವಾಕ್ಯಗಳನ್ನು ಇಡಿಯಾಗಿ ಇಡುವ ಮಾತೇ ಇಲ್ಲ. ಪದಗಳನ್ನು ಬಿಡಿಬಿಡಿಯಾಗಿ ಇಟ್ಟು ಬೇಕಾದಾಗ ಪೋಣಿಸುವುದು. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಗಾಡಿಯ ಸಂಖ್ಯೆ, ಊರಿನ ಹೆಸರು, ಪ್ಲಾಟ್‌ಫಾರಂ ಇವೆಲ್ಲ ಬೇರೆ ಬೇರೆ ತುಂಡುಗಳಾಗಿ ಬಂದು ಕೂಡಿಕೊಳ್ಳುವುದನ್ನು ಕೇಳಿದವರಿಗೆ ಈ ಕ್ರಮ ಗೊತ್ತೇ ಇದೆ. ಇಂಗ್ಲಿಷಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಒಂದರಿಂದ ಹತ್ತೊಂಬತ್ತರವರೆಗೆ ಹತ್ತೊಂಬತ್ತು ಪದ, ಇಪ್ಪತ್ತರಿಂದ ತೊಂಬತ್ತರವರೆಗೆ ಎಂಟು ಹತ್ತುಗಳು, ನೂರಕ್ಕೆ ಒಂದು: ಒಟ್ಟು ಇಪ್ಪತ್ತೆಂಟು ತುಂಡುಗಳಿದ್ದರೆ ಅಮೆರಿಕನ್ನರ ರೂಢಿಯಲ್ಲಿ ೯೯೯ರವರೆಗೆ ಎಣಿಸಬಹುದು. ಕನ್ನಡದಲ್ಲಿ ಇಂಥ ಯಂತ್ರ ಮಾಡಹೊರಟವನು ಸಂಧಿಪ್ರಕರಣವನ್ನು ಎದುರಿಸಬೇಕು. ಇಪ್ಪತ್ತು, ಒಂದು ಇವೆರಡನ್ನು ಒತ್ತಟ್ಟಿಗಿಟ್ಟರೆ ಇಪ್ಪತ್ತೊಂದು ಆಗುವುದಿಲ್ಲ. ನಡುವಿನ ಉಕಾರ ಹೋಗಬೇಕು. ಇಪ್ಪತ್ತಮೂರರಲ್ಲಿ ಅದೇ ಉಕಾರ ಅಕಾರವಾಗುತ್ತದೆ. ಎರಡು ನೂರು ಇನ್ನೂರಾಗಿ, ಮೂರು ನೂರು ಮುನ್ನೂರಾಗಿ ಕುಳಿತಿವೆ. ಅದರ ಮುಂದೆ ವಿಭಕ್ತಿಗಳ ಕಾಟ ಬೇರೆ. ನಮ್ಮ ನುಡಿಯಲ್ಲಿ ಪದಗಳು ಒಂದನ್ನೊಂದು ಮುಟ್ಟಿದೊಡನೆ ರೂಪ ಬದಲಿಸುತ್ತವೆ. ಕಿಲೋಬಿಟ್ಟುಗಳ ಲೆಕ್ಕದಲ್ಲಿ ಇದು ದುಬಾರಿಯ ಅಂದ.

ಇಂಟೆಲಿವಾಯ್ಸಿಗೆಂದು ಮೊದಲು ಬಂದ ಆಟಗಳು ಸ್ಪೇಸ್ ಸ್ಪಾರ್ಟನ್ಸ್, ಬಿ-೧೭ ಬಾಂಬರ್, ಬಾಂಬ್ ಸ್ಕ್ವಾಡ್ ಎಂಬ ಮೂರು. ಟ್ರಾನ್ ಸೋಲಾರ್ ಸೇಲರ್ ಎಂಬ ನಾಲ್ಕನೆಯದೂ ಬಂದಿತು; ೧೯೮೩ರಲ್ಲಿ ಬೇಸ್‌ಬಾಲ್ ಆಟವೊಂದು ಈ ಧ್ವನಿಯನ್ನು ಉಪಯೋಗಿಸಿಕೊಂಡಿತು. ಮೆಚ್ಚಬೇಕಾದದ್ದು ಏನೆಂದರೆ, ಇವುಗಳಲ್ಲಿ ಮಾತು ಬರಿಯ ಅಲಂಕಾರವಾಗಿರಲಿಲ್ಲ. ಸ್ಪೇಸ್ ಸ್ಪಾರ್ಟನ್ಸ್ ಆಟದಲ್ಲಿ ನೌಕೆಯ ಯಾವ ಅಂಗ ಎಷ್ಟು ಕೆಟ್ಟಿದೆ, ಶಕ್ತಿ ಎಷ್ಟು ಉಳಿದಿದೆ ಎಂಬ ವರದಿಯನ್ನು ಗಣಕದ ದನಿ ಬಾಯಿಂದ ಒಪ್ಪಿಸುತ್ತದೆ. ಆಡುವವನು ಕಣ್ಣನ್ನು ವೈರಿಯ ಮೇಲಿಟ್ಟು ಕಿವಿಯಿಂದ ತನ್ನ ನೌಕೆಯ ಕ್ಷೇಮ ವಿಚಾರಿಸಬೇಕು. ಬಿ-೧೭ ಬಾಂಬರಿನಲ್ಲಿ ಸಂಗಡಿಗರ ದನಿಗಳು ಕೆಳಗಿನ ತೋಪುಗಳ ಗುಂಡನ್ನು ಕುರಿತು ಎಚ್ಚರಿಸುತ್ತವೆ, ಗುರಿ ಕಣ್ಣಿಗೆ ಬಿದ್ದಿತೆಂದು ಕೂಗುತ್ತವೆ. ಕೇಳಿಸಿಕೊಳ್ಳದವನು ಸೋಲುತ್ತಾನೆ. ಬಾಂಬ್ ಸ್ಕ್ವಾಡಿನಲ್ಲಂತೂ ಸಿಡಿಮದ್ದಿನ ತಂತಿಗಳನ್ನು ಬಿಚ್ಚುವಾಗ ದನಿಯೊಂದು ದಾರಿ ಹೇಳಿಕೊಡುತ್ತದೆ. ಕಣ್ಣಿಗೆ ಒಂದು ಕೆಲಸ, ಕಿವಿಗೆ ಇನ್ನೊಂದು ಕೆಲಸ ಎಂದು ಹಂಚಿಕೊಟ್ಟ ಈ ವಿವೇಕ ಆಮೇಲೆ ಬಂದ ಎಷ್ಟೋ ಆಡಂಬರದ ಆಟಗಳಲ್ಲಿ ಕಾಣದು. ಪದಗಳಿಗೆ ಬೆಲೆಯಿದ್ದುದರಿಂದಲೇ ಪ್ರಯೋಜನವಿಲ್ಲದ ಪದವನ್ನು ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ತಂತಿ ಕೊಡುವ ಕಾಲದಲ್ಲಿ ಪದಕ್ಕಿಷ್ಟೆಂದು ಕಾಸು ತೆತ್ತವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ೧೯೮೨ರಲ್ಲಿ ಮ್ಯಾಗ್ನವಾಕ್ಸ್ ಕಂಪನಿ ತನ್ನ ಒಡಿಸ್ಸಿ ಪೆಟ್ಟಿಗೆಗೆ 'ದಿ ವಾಯ್ಸ್' ಎಂಬ ಜೋಡಣೆಯನ್ನು ತಂದಿತು. ಚಿಪ್ಪು ಇಂಟೆಲಿವಾಯ್ಸಿನ ಕುಲದ್ದೇ; ಆದರೆ ಇದಕ್ಕೆ ಸ್ವಂತ ಸ್ಪೀಕರ್ ಇತ್ತು. ಮಕ್ಕಳಿಗೆ ಪದ ಹೇಳಿ ಕಾಗುಣಿತ ಕೇಳುವ ಆಟವೊಂದು ಅದರಲ್ಲಿ ಬಂದಿತು.

ಹೆಚ್ಚಿನ ಜೋಡಣೆಯಿಲ್ಲದೆ, ಇರುವ ಪೆಟ್ಟಿಗೆಯಿಂದಲೇ ಮಾತು ಹೊರಡಿಸುವ ಹಟ ಕೆಲವರಿಗೆ ಇದ್ದಿತು. ಇವರು ಹಿಡಿದದ್ದು ನಾವು ಮೊದಲು ಬಿಟ್ಟು ಬಂದ ದಾರಿಯನ್ನು: ಅಲೆಯನ್ನೇ ಒರಟಾಗಿ ಇಡುವುದು. ಅಟಾರಿ ಪೆಟ್ಟಿಗೆಯಲ್ಲಿ ಶಬ್ದ ಹೊರಡಿಸುವ ಭಾಗಕ್ಕೆ ಪೀಪಿ ಊದಿದಂಥ ನಾದ, ಗರಗರ ಸದ್ದು ಇವಷ್ಟೇ ಗೊತ್ತು. ಆದರೆ ಅದಕ್ಕೊಂದು ಜೋರಿನ ತಿರುಪು ಇತ್ತು. ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಮೆಟ್ಟಿಲು. ಆ ತಿರುಪನ್ನೇ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ತಿರುಗಿಸಿದರೆ? ತಿರುಪಿನ ಓಲಾಟವೇ ಅಲೆಯಾಗುತ್ತದೆ, ಅಲೆ ಮಾತಾಗುತ್ತದೆ. ೧೯೮೩ರಲ್ಲಿ ಸ್ಟೀವ್ ವೊಯ್ಟಾ ಬರೆದ ಕ್ವಾಡ್ರನ್ ಎಂಬ ಆಟ ಈ ಬಗೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿಕೊಂಡಿತು. ಆ ಬಡ ಪೆಟ್ಟಿಗೆಯಿಂದ ಮಾನವಧ್ವನಿ ಕೇಳಿ ಜನ ಬೆರಗಾದುದು ಸಹಜವೇ. ಆದರೆ ಇದಕ್ಕೊಂದು ತೆರಿಗೆ ಕೊಡಬೇಕಾಯಿತು. ಅಟಾರಿಯಲ್ಲಿ ಟೆಲಿವಿಷನ್ ಪರದೆಯ ಒಂದೊಂದು ಗೆರೆಯನ್ನೂ ಅದರ ಒಂದೇ ಮಿದುಳು ಆಯಾ ಕ್ಷಣದಲ್ಲಿ ನಿಂತು ಬರೆಸಬೇಕು. ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಮಿಕ್ಕು ಗೆರೆಗಳು. ತಿರುಪು ತಿರುಗಿಸಲು ಅದೇ ಮಿದುಳು ಬೇಕು. ಆದುದರಿಂದ ಮಾತಾಡುವಷ್ಟು ಹೊತ್ತು ಚಿತ್ರ ಮಾಯ. ಮಾತು ಮುಗಿದ ಮೇಲೆ ಚಿತ್ರ ಮತ್ತೆ ಮೂಡುವುದು.

ವೆಕ್ಟ್ರೆಕ್ಸ್ ಎಂಬ ಇನ್ನೊಂದು ಪೆಟ್ಟಿಗೆಯಲ್ಲಿಯೂ ಅದೇ ವರ್ಷ ಸ್ಪೈಕ್ ಎಂಬ ಆಟ ಜೋಡಣೆಯಿಲ್ಲದೆ ಮಾತಾಡಿತು. ಆದರೆ ೧೯೮೩ ಅಮೆರಿಕದ ಆಟದ ಮಾರುಕಟ್ಟೆಗೆ ಕೇಡಿನ ವರ್ಷ. ಡಬ್ಬಿಗಳು ಅಂಗಡಿಗಳಲ್ಲಿ ರಾಶಿ ಬಿದ್ದುವು, ಬೆಲೆ ಕುಸಿಯಿತು. ಇಂಟೆಲಿವಾಯ್ಸನ್ನು ನಿಲ್ಲಿಸಿದರು, ೧೯೮೪ರ ಜನವರಿಯಲ್ಲಿ ಮ್ಯಾಟೆಲಿನ ಎಲೆಕ್ಟ್ರಾನಿಕ್ಸ್ ವಿಭಾಗವೇ ಮುಚ್ಚಿತು. ಬಾಯಿಯನ್ನು ಲೆಕ್ಕದಿಂದ ಕಟ್ಟುವ ಚಿಪ್ಪುಗಳ ಕಾಲ ಕನ್ಸೋಲುಗಳಲ್ಲಿ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತೆನ್ನಬೇಕು. ಮೋಜರ್ ಅವರ ಅಡಕ ಮಾತ್ರ ಗೃಹಗಣಕಗಳಿಗೆ ಹೋಗಿ, ೧೯೮೪ರ ಇಂಪಾಸಿಬಲ್ ಮಿಷನ್ ಎಂಬ ಆಟದಲ್ಲಿ ಖಳನೊಬ್ಬನ ದನಿಯಾಗಿ ಹೆಸರು ಪಡೆಯಿತು.

ಮಾರುಕಟ್ಟೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಜಪಾನಿನ ನಿಂಟೆಂಡೊ. ಅಲ್ಲಿ ೧೯೮೩ರಲ್ಲಿ ಫ್ಯಾಮಿಕಾಂ ಎಂಬ ಹೆಸರಿನಿಂದ ಹೊರಟ ಪೆಟ್ಟಿಗೆ ೧೯೮೫ರಲ್ಲಿ ಅಮೆರಿಕಕ್ಕೆ ಬಂದಿತು. ಅದರ ಶಬ್ದಭಾಗದ ಐದು ಕಾಲುವೆಗಳಲ್ಲಿ ಒಂದು ಸ್ಯಾಂಪಲುಗಳಿಗೆಂದೇ ಮೀಸಲು. ಅದರ ಉಪಾಯ ಸೊಗಸಾಗಿದೆ. ಅಲೆ ಎಷ್ಟು ಎತ್ತರದಲ್ಲಿದೆಯೆಂದು ಹೇಳುವ ಗೋಜಿಗೇ ಹೋಗುವುದಿಲ್ಲ. ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಯಿತೋ ಕೆಳಗಿಳಿಯಿತೋ ಎಂಬುದಷ್ಟನ್ನೇ ಒಂದು ಬಿಟ್ಟಿನಲ್ಲಿ ಬರೆಯುತ್ತದೆ. ಕುರುಡನಿಗೆ ಬೆಟ್ಟದ ಆಕಾರವನ್ನು 'ಹತ್ತು, ಹತ್ತು, ಇಳಿ, ಹತ್ತು' ಎಂದು ಹೇಳಿ ತಿಳಿಸಿದಂತೆ. ಅಲೆ ಮೆಲ್ಲಗೆ ಏರಿಳಿದರೆ ಇದು ಚೆನ್ನು; ಥಟ್ಟನೆ ನೆಗೆದರೆ ಒಂದೊಂದೇ ಮೆಟ್ಟಿಲು ಹತ್ತುವ ಈ ಕ್ರಮ ಹಿಂದೆ ಬೀಳುತ್ತದೆ, ದನಿ ಮಂಕಾಗಿ ಗೊರಗೊರಗುಟ್ಟುತ್ತದೆ. ಅತಿ ವೇಗದಲ್ಲಿ ಸೆಕೆಂಡಿಗೆ ಸುಮಾರು ೩೩,೦೦೦ ಬಿಟ್. ಒಂದು ತುಣುಕು ಹೆಚ್ಚೆಂದರೆ ೪,೦೮೧ ಬೈಟ್. ಒಳ್ಳೆಯ ದನಿ ಬೇಕಾದರೆ ಒಂದೇ ಸೆಕೆಂಡು, ಹೆಚ್ಚು ಹೊತ್ತು ಬೇಕಾದರೆ ದನಿ ಕೆಡಬೇಕು.

ಕೊನಾಮಿ ಕಂಪನಿಯ ಡಬಲ್ ಡ್ರಿಬಲ್, ಬ್ಲೇಡ್ಸ್ ಆಫ್ ಸ್ಟೀಲ್ ಎಂಬ ಆಟಗಳು ತಮ್ಮ ಹೆಸರನ್ನು ತಾವೇ ಸಾರುವುದು ಈ ಕಾಲುವೆಯಿಂದಲೇ. ಜಾಲೆಕೊ ಎಂಬ ಕಂಪನಿ ಮಾತ್ರ ೧೯೮೭ರ ತನ್ನ ಬೇಸ್‌ಬಾಲ್ ಆಟದ ಡಬ್ಬಿಯೊಳಗೇ ಬೇರೊಂದು ಮಾತಿನ ಚಿಪ್ಪನ್ನು ಹುದುಗಿಸಿತು. ಈ ಕಾಲುವೆಯಲ್ಲಿ ವಿಚಿತ್ರವಾದ ಒಂದು ದೋಷವೂ ಇತ್ತು. ಅದು ಮುಂದಿನ ಬೈಟನ್ನು ತಂದುಕೊಳ್ಳುವಾಗ ಮಿದುಳನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತಿತ್ತು. ಸರಿಯಾಗಿ ಆ ಗಳಿಗೆಯಲ್ಲಿ ಮಿದುಳು ಆಟಗಾರನ ಕೈಗುಂಡಿಗಳನ್ನು ಓದುತ್ತಿದ್ದರೆ ಒತ್ತದ ಗುಂಡಿ ಒತ್ತಿದಂತೆ ಕಾಣುತ್ತಿತ್ತು. ಪೆಟ್ಟಿಗೆ ಮಾತಾಡಿದರೆ ಹುಡುಗನ ಕೈ ತಪ್ಪಿದಂತಾಗುವುದು! ಬಲ್ಲ ಕಾರ್ಯಕ್ರಮಕಾರರು ಗುಂಡಿಗಳನ್ನು ಎರಡೆರಡು ಸಲ ಓದಿ, ಎರಡೂ ಹೊಂದಿದರೆ ಮಾತ್ರ ನಂಬುವಂತೆ ಬರೆದರು.

೧೯೯೦ರಲ್ಲಿ ಇದೇ ನಿಂಟೆಂಡೊ ಪೆಟ್ಟಿಗೆಗೆ ಬಂದ ಒಂದು ಆಟವನ್ನು ಇಲ್ಲಿ ಹೆಸರಿಸಬೇಕು. ಅಮೆರಿಕದ ಮಕ್ಕಳ ಟೆಲಿವಿಷನ್ ಕಾರ್ಯಕ್ರಮದ ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ ಅಕ್ಷರ ಕಲಿಸುವ ಆಟ ಅದು. ಓದಲು ಬಾರದ ಕೂಸಿಗೆ ಪರದೆಯ ಮೇಲೆ ಸೂಚನೆ ಬರೆದು ಫಲವೇನು? ಹೇಳಬೇಕು. ಆದುದರಿಂದ ಡಬ್ಬಿಯ ಜಾಗವನ್ನು ಚಿತ್ರಕ್ಕಿಂತ ಮಾತಿಗೇ ಧಾರಾಳವಾಗಿ ಕೊಟ್ಟರು.

ಒರಟು ಸ್ಯಾಂಪಲುಗಳು ಏಕೆ ತೊದಲಿದಂತೆ ಕೇಳಿಸುತ್ತವೆಂಬುದನ್ನೂ ಹೇಳಿಬಿಡಬಹುದು. ಸೆಕೆಂಡಿಗೆ ೮,೦೦೦ ಸಲ ಅಳೆದರೆ ೪,೦೦೦ ಕಂಪನಗಳಿಗೆ ಮೇಲಿನ ಸ್ವರಾಂಶ ಯಾವುದೂ ಉಳಿಯುವುದಿಲ್ಲ. ಅಳತೆಯ ಅರ್ಧವೇ ಮೇಲಿನ ಎಲ್ಲೆ. ಅ, ಆ, ಓ ಮುಂತಾದ ಸ್ವರಗಳ ಜೀವಾಳ ಇದರ ಕೆಳಗೇ ಇರುವುದರಿಂದ ಅವಕ್ಕೆ ಬಾಧೆಯಿಲ್ಲ. ಸಕಾರದ ಸತ್ವವೆಲ್ಲ ಬಹುಪಾಲು ಆ ಎಲ್ಲೆಯ ಆಚೆಗಿದೆ. ಟೆಲಿಫೋನಿನಲ್ಲಿ ಸಕಾರ ಫಕಾರಗಳು ಕಲಸಿಹೋಗಿ ಹೆಸರನ್ನು ಅಕ್ಷರ ಬಿಡಿಸಿ ಹೇಳಬೇಕಾಗುವುದು ಇದೇ ಕಾರಣದಿಂದ. ಸೆಗಾ ಕಂಪನಿಯ ಮೆಗಾಡ್ರೈವ್ ಪೆಟ್ಟಿಗೆ ೧೯೮೮ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಹೊರಬಂದಾಗ, ಅಮೆರಿಕದಲ್ಲಿ ಅದರ ಜೊತೆಗೇ ಕೊಡುತ್ತಿದ್ದ ಆಲ್ಟರ್ಡ್ ಬೀಸ್ಟ್ ಆಟದಲ್ಲಿ ದೇವರು ವೀರನನ್ನು ಗೋರಿಯಿಂದ ಎದ್ದು ಬಾ ಎಂದು ಕರೆಯುತ್ತಾನೆ. ಆ ಕರೆ ನಾಲಗೆ ದಪ್ಪವಾದವನ ಮಾತಿನಂತಿದೆಯೆಂದು ಆಡಿ ಬೆಳೆದವರು ನಗೆಯಾಡುವುದುಂಟು.

ಅದೇ ಪೆಟ್ಟಿಗೆಗೆ ೧೯೯೧ರಲ್ಲಿ ಬಂದ ಸೋನಿಕ್ ಎಂಬ ಮುಳ್ಳುಹಂದಿಯ ಆಟ ಆರಂಭವಾಗುವುದು 'ಸೇಗಾ' ಎಂಬ ಎರಡಕ್ಷರದ ಮೇಳಗಾನದಿಂದ. ಜಪಾನಿನ ಟೆಲಿವಿಷನ್ ಜಾಹೀರಾತುಗಳಿಂದ ಎತ್ತಿಕೊಂಡದ್ದು ಅದು. ಆಟದ ಇಡೀ ಡಬ್ಬಿ ೫೧೨ ಕಿಲೋಬೈಟ್. ಈ ಎರಡಕ್ಷರವೇ ಅದರ ಎಂಟನೆಯ ಒಂದು ಪಾಲನ್ನು ನುಂಗಿತೆಂದು ಕಾರ್ಯಕ್ರಮ ಬರೆದ ಯೂ಼ಜಿ ನಾಕಾ ಹೇಳಿದ್ದಾರೆ. ಎಂಟನೆಯ ಒಂದು ಪಾಲೆಂದರೆ ೬೪ ಕಿಲೋಬೈಟ್. ಅಷ್ಟು ಜಾಗದಲ್ಲಿ ಮೊದಲಿನ ಅಟಾರಿಯ ಹದಿನಾರು ಪೂರ್ತಿ ಆಟಗಳನ್ನು ಇಡಬಹುದಿತ್ತು. ಬಾಂಬ್ ಸ್ಕ್ವಾಡಿನ ದಾರಿ ಹೇಳುವ ದನಿಯನ್ನೂ ಕಂಪನಿಯ ಹೆಸರನ್ನು ಹಾಡುವ ಈ ದನಿಯನ್ನೂ ಪಕ್ಕದಲ್ಲಿಟ್ಟು ತೂಗಿದರೆ ನನ್ನ ತಕ್ಕಡಿ ಹಳೆಯದರ ಕಡೆಗೇ ವಾಲುತ್ತದೆ. ಆದರೆ ಆ ಎರಡಕ್ಷರವನ್ನು ನೆನೆದು ಪುಲಕಗೊಳ್ಳುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ.

೧೯೯೦ರ ಸೂಪರ್ ಫ್ಯಾಮಿಕಾಂ ಪೆಟ್ಟಿಗೆಗೆ ಶಬ್ದದ ಚಿಪ್ಪನ್ನು ಮಾಡಿಕೊಟ್ಟದ್ದು ಸೋನಿಯ ಕೆನ್ ಕುತರಾಗಿ. ಹದಿನಾರು ಅಳತೆಗಳನ್ನು ಒಂಬತ್ತು ಬೈಟುಗಳಲ್ಲಿ ಮಡಚಿಡುವ ಅಡಕ ಅದರದು. ಎಂಟು ಕಾಲುವೆಗಳು, ೬೪ ಕಿಲೋಬೈಟ್ ಶಬ್ದದ ನೆನಪು. ೧೯೯೪ರ ಸೂಪರ್ ಮೆಟ್ರಾಯ್ಡ್ ಆಟದ ಮೊದಲಲ್ಲಿ ಬರುವ ಎರಡು ಚಿಕ್ಕ ವಾಕ್ಯಗಳು, ೧೯೯೫ರ ಟೇಲ್ಸ್ ಆಫ್ ಫ್ಯಾಂಟೇಸಿಯದಲ್ಲಿ ಕೇಳಿಬರುವ ಇಡಿಯ ಹಾಡು, ಈ ಬಗೆಯ ಡಬ್ಬಿಯೊಳಗೆ ಮಾನವಧ್ವನಿ ಹಿಡಿಸಿದ ಕೊನೆಯ ಸಾಹಸಗಳಲ್ಲಿ ಸೇರುತ್ತವೆ.

ಕೊನೆಯ ಸಾಹಸಗಳೆಂದೆ, ಏಕೆಂದರೆ ಅಷ್ಟು ಹೊತ್ತಿಗೆ ಬೇರೆ ಬಾಗಿಲು ತೆರೆದಿತ್ತು. ಜಪಾನಿನಲ್ಲಿ ೧೯೮೮ರ ಡಿಸೆಂಬರಿನಲ್ಲಿ ಪಿ.ಸಿ. ಎಂಜಿನ್ ಎಂಬ ಪೆಟ್ಟಿಗೆಗೆ ಕಾಂಪ್ಯಾಕ್ಟ್ ಡಿಸ್ಕ್ ಓದುವ ಜೋಡಣೆ ಬಂದಿತು. ಒಂದು ತಟ್ಟೆಯಲ್ಲಿ ಐನೂರು ಮೆಗಾಬೈಟಿಗೂ ಮಿಕ್ಕು ಜಾಗ. ಮರುವರ್ಷವೇ ಬಂದ 'ಈಸ್' ಎಂಬ ಕಥಾರೂಪದ ಆಟದಲ್ಲಿ ನಟರು ನಾಟಕದಂತೆ ಸಂಭಾಷಣೆ ಆಡಿದರು. ಬಿಟ್ಟುಗಳನ್ನು ಎಣಿಸುವ ಅಗತ್ಯ ತಪ್ಪಿತು. ಆಟದ ಪೆಟ್ಟಿಗೆ ತಾನೇ ಮಾತಾಡುವುದನ್ನು ಬಿಟ್ಟು, ಗ್ರಾಮಫೋನಿನಂತೆ ಇನ್ನೊಬ್ಬರ ಮಾತನ್ನು ಒಪ್ಪಿಸತೊಡಗಿತು. ಅಟಲ್ ಮತ್ತು ಶ್ರೋಡರ್ ಅವರ ವಿಧಾನ ಮಾತ್ರ ಎಲ್ಲಿಯೂ ಹೋಗಲಿಲ್ಲ. ೧೯೮೫ರಲ್ಲಿ ಅವರೇ ಅದನ್ನು ಇನ್ನಷ್ಟು ನಯಗೊಳಿಸಿದರು. ಕೈಯಲ್ಲಿ ಹಿಡಿದು ತಿರುಗುವ ಮೊಬೈಲ್ ಫೋನುಗಳ ಧ್ವನಿ ಬಹುಮಟ್ಟಿಗೆ ಆ ವಂಶದ ಲೆಕ್ಕಗಳಿಂದಲೇ ಸಾಗುತ್ತದೆ.

ಹಳೆಯ ಪೆಟ್ಟಿಗೆಗಳನ್ನು ಈಗಿನ ಗಣಕಗಳಲ್ಲಿ ಅನುಕರಿಸುವ ಕಾರ್ಯಕ್ರಮಗಳನ್ನು ಹವ್ಯಾಸಿಗಳು ಬರೆದಿದ್ದಾರೆ. ಇಂಟೆಲಿವಾಯ್ಸಿನ ಆಟಗಳನ್ನೂ ಅವುಗಳಲ್ಲಿ ಆಡಬಹುದು. ಆಗ ಕೇಳಿಬರುವುದು ಧ್ವನಿಮುದ್ರಣವಲ್ಲ. ನಲವತ್ತು ವರ್ಷಗಳ ಹಿಂದೆ ಚಿಪ್ಪಿನಲ್ಲಿ ಬರೆದಿಟ್ಟ ಅದೇ ಚೀಟಿಗಳನ್ನು ಓದಿ, ಗಂಟಲು, ನಾಲಗೆ, ತುಟಿಗಳ ಲೆಕ್ಕವನ್ನು ಗಣಕ ಪ್ರತಿಸಲವೂ ಹೊಸದಾಗಿ ಮಾಡುತ್ತದೆ.